ಕೋಚ್ ಹೊರಗೆ, ತಪ್ಪು ಒಳಗೇ

2021ರ ಜನವರಿ 5ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿ ಎದುರು 3–1ರಿಂದ ಸೋತಿತು. ಅದು ಸತತ ಮೂರನೇ ಸೋಲು. ಮರುದಿನವೇ ಕೋಚ್ ಕಾರ್ಲೆಸ್ ಕ್ವಾದ್ರತ್ ಅವರಿಗೆ ಕ್ಲಬ್ ವಿದಾಯ ಹೇಳಿತು. ಎರಡು ವರ್ಷವೂ ತುಂಬದಷ್ಟು ಹಿಂದೆ, 2019ರ ಮಾರ್ಚ್ 17ರಂದು, ಇದೇ ಕ್ವಾದ್ರತ್ ಬೆಂಗಳೂರಿಗೆ ಮೊದಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ತಂದುಕೊಟ್ಟಿದ್ದರು. ಮುಂಬೈಯಲ್ಲಿ ನಡೆದ ಆ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಈ ಊರಿನ ಅಭಿಮಾನಿಗಳಿಗೆ ಇವತ್ತಿಗೂ ಬಾಯಿಪಾಠ.

ಕ್ವಾದ್ರತ್ ಹೊರಟ ದಿನದ ಲೆಕ್ಕ ಹೀಗಿತ್ತು: ಒಂಬತ್ತು ಪಂದ್ಯ, ಮೂರು ಗೆಲುವು, ಮೂರು ಡ್ರಾ, ಮೂರು ಸೋಲು, 12 ಅಂಕ. ಉಳಿದ 11 ಪಂದ್ಯಗಳಿಗೆ ನೌಶಾದ್ ಮೂಸಾ ಹಂಗಾಮಿ ಕೋಚ್ ಆದರು. ಬಂದದ್ದು 10 ಅಂಕ. ಅಲ್ಲಿಯವರೆಗೆ ಐಎಸ್‌ಎಲ್‌ನಲ್ಲಿ ಮೊದಲ ಮೂರು ಸ್ಥಾನ ಬಿಟ್ಟು ಕೆಳಗಿಳಿಯದಿದ್ದ ತಂಡ ಏಳನೆಯದಾಗಿ ಸೀಸನ್ ಮುಗಿಸಿತು. ಮೂಸಾ ಅವರನ್ನು ದೂರಿ ಫಲವಿಲ್ಲ. ಅವರ ಕೈಗೆ ಸಿಕ್ಕಿದ್ದೂ ಅದೇ ತಂಡ, ಅದೇ ಗೋವಾ, ಕೋವಿಡ್‌ನಿಂದಾಗಿ ಒಬ್ಬ ಪ್ರೇಕ್ಷಕನೂ ಇಲ್ಲದ ಅದೇ ಖಾಲಿ ಮೈದಾನ.

ಹಿಂದೆ ಗೆದ್ದುಕೊಟ್ಟ ಕೋಚ್ ಈಗ ಸೋಲುತ್ತಿದ್ದರೆ ಇಟ್ಟುಕೊಳ್ಳಬೇಕೋ, ಕಳಿಸಬೇಕೋ? ಇದಕ್ಕೆ ಉತ್ತರ ಹುಡುಕಲು ಮ್ಯಾಂಚೆಸ್ಟರ್‌ವರೆಗೆ ಹೋಗಬೇಕಿಲ್ಲ. ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣ. ಅದನ್ನು ತವರು ಮಾಡಿಕೊಂಡ ಕ್ಲಬ್ಬಿನಲ್ಲಿ 2013ರಿಂದ ಈಚೆಗೆ ಎರಡೂ ಪ್ರಯೋಗಗಳು ನಡೆದಿವೆ.

ಕ್ಲಬ್ಬಿನ ಮೊದಲ ಕೋಚ್ ಆಶ್ಲೆ ವೆಸ್ಟ್‌ವುಡ್, ಕ್ಲಬ್ ಹುಟ್ಟಿದ ವರ್ಷವೇ ತಂಡವನ್ನು ಐ-ಲೀಗ್ ಚಾಂಪಿಯನ್ ಮಾಡಿದರು. ಎರಡನೇ ವರ್ಷ, 2015ರ ಮೇ 31ರಂದು, ಕಂಠೀರವದಲ್ಲೇ ಮೋಹನ್ ಬಾಗನ್ ಎದುರು ಗೆದ್ದರೆ ಪ್ರಶಸ್ತಿ ಮತ್ತೆ ಬೆಂಗಳೂರಿನದು ಎನ್ನುವ ಸ್ಥಿತಿ. ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಗೋಲು ಹೊಡೆದು ಪಂದ್ಯವನ್ನು 1–1 ಮಾಡಿದರು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಕ್ಲಬ್ ವೆಸ್ಟ್‌ವುಡ್ ಅವರನ್ನು ಬಿಡಲಿಲ್ಲ. ಮರುವರ್ಷ ಪ್ರಶಸ್ತಿ ವಾಪಸು ಬಂತು.

ಸೈಮನ್ ಗ್ರೇಸನ್ ಅವರ ಕತೆ ಇನ್ನೂ ಸ್ವಾರಸ್ಯದ್ದು. 2022ರ ಸೆಪ್ಟೆಂಬರಿನಲ್ಲಿ ಡುರಾಂಡ್ ಕಪ್ ಗೆದ್ದ ಅವರು ಅಕ್ಟೋಬರ್, ನವೆಂಬರಿನಲ್ಲಿ ಐಎಸ್‌ಎಲ್‌ನ ನಾಲ್ಕು ಪಂದ್ಯಗಳನ್ನು ಸಾಲಾಗಿ ಸೋತರು. ನಾಲ್ಕನೆಯದರಲ್ಲಿ ಮುಂಬೈ ಸಿಟಿ 4–0ರಿಂದ ಚಚ್ಚಿಹಾಕಿತು. ಮೂರು ಸೋಲಿಗೆ ಕ್ವಾದ್ರತ್ ಹೋಗಿದ್ದರೆ, ನಾಲ್ಕು ಸೋಲಿಗೆ ಗ್ರೇಸನ್ ಹೋಗಲೇಬೇಕಿತ್ತು. ಆದರೆ ಆ ಸಲ ಆಡಳಿತ ತಾಳಿಕೊಂಡಿತು. ತಂಡ ಲೀಗ್ ಹಂತದ ಕೊನೆಯ ಎಂಟೂ ಪಂದ್ಯಗಳನ್ನು ಗೆದ್ದು 2023ರ ಮಾರ್ಚ್ ಫೈನಲ್‌ವರೆಗೆ ನಡೆಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಸೋತದ್ದು ಬೇರೆ ಮಾತು.

ಅದೇ ಗ್ರೇಸನ್, ಅದೇ ಮುಂಬೈ ಸಿಟಿ, ಅದೇ 4–0. ಈ ಸಲ 2023ರ ಡಿಸೆಂಬರ್ 8, ಕಂಠೀರವ. ಮರುದಿನ ಗ್ರೇಸನ್ ಮನೆಗೆ.

ಈ ಎರಡನೇ ನಿರ್ಧಾರವನ್ನು ಪೂರ್ತಿ ತಪ್ಪು ಎನ್ನುವಂತಿಲ್ಲ. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಯಾವ ಆಡಳಿತಕ್ಕೂ ನುಂಗಲಾರದ ತುತ್ತು. ಕ್ವಾದ್ರತ್ ಅವರ ಕೈಕೆಳಗೆ ಸಹಾಯಕರಾಗಿದ್ದ ಗೆರಾರ್ಡ್ ಜರಗೋಜಾ ಬಂದ ಮೇಲೆ ಗೆಲುವುಗಳು ತುಸು ಹೆಚ್ಚಿದವು. ಆದರೂ ತಂಡ ನಿಂತದ್ದು ಹತ್ತನೇ ಸ್ಥಾನದಲ್ಲಿ. 2024–25ರವರೆಗಿನ ಲೆಕ್ಕದಲ್ಲಿ ಕ್ಲಬ್ಬಿನ ಅತಿ ಕೆಳಗಿನ ಎರಡು ಸ್ಥಾನಗಳು ಏಳು ಮತ್ತು ಹತ್ತು. ಕೋಚ್‌ಗಳನ್ನು ಸೀಸನ್ ನಡುವೆ ಕಿತ್ತ ವರ್ಷಗಳೂ ಅವೇ ಎರಡು.

ತಂಡ ಹಾಳಾಗಿತ್ತು, ಅದಕ್ಕೇ ಕೋಚನ್ನು ಕಿತ್ತರು, ಕಿತ್ತದ್ದರಿಂದ ಹಾಳಾಗಲಿಲ್ಲ ಎಂದು ಯಾರಾದರೂ ವಾದಿಸಬಹುದು. ನ್ಯಾಯವಾದ ಮಾತು. ಹಾಗಾದರೆ ಹಾಳು ಮಾಡಿದ್ದು ಯಾರು ಎಂದು ಕೇಳಬೇಕಾಗುತ್ತದೆ. 2023ರ ಫೈನಲ್ ಆಡಿದ ತಂಡದಿಂದ ಮುಂದಿನ ಸೀಸನ್‌ಗೆ ಮೊದಲೇ ರಾಯ್ ಕೃಷ್ಣ ಒಡಿಶಾಗೆ ಹೋಗಿದ್ದರು, ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾ ಸೇರಿದ್ದರು. ಕ್ವಾದ್ರತ್ ಕಪ್ ಗೆದ್ದ ಬೆನ್ನಿಗೇ ವೆನೆಜುವೆಲಾದ ಮುಂಚೂಣಿ ಆಟಗಾರ ಮಿಕು ಬಿಟ್ಟು ಹೋಗಿದ್ದರು. ಅವರ ಜಾಗವನ್ನು ಆಮೇಲಿನ ಎರಡು ಸೀಸನ್‌ಗಳಲ್ಲಿ ಯಾರೂ ಸರಿಯಾಗಿ ತುಂಬಲಿಲ್ಲ; ಗೋಲಿನ ಭಾರವೆಲ್ಲ ಸುನಿಲ್ ಚೆಟ್ರಿ ಹೆಗಲ ಮೇಲೆ ಬಿತ್ತು. ಆಟಗಾರರ ಖರೀದಿ ಕೋಚ್ ಒಬ್ಬರ ಕೈಯಲ್ಲಿ ಇರುವುದಿಲ್ಲ, ಬಜೆಟ್ಟಂತೂ ಇಲ್ಲವೇ ಇಲ್ಲ. ಸೋತಾಗ ಹೋಗುವವರು ಮಾತ್ರ ಕೋಚ್ ಒಬ್ಬರೇ.

ಚಿಕ್ಕಪೇಟೆಯ ಜವಳಿ ಅಂಗಡಿಯ ಯಜಮಾನ ಆಷಾಢದಲ್ಲಿ ವ್ಯಾಪಾರ ಬಿತ್ತೆಂದು ಹಳೆಯ ಸೇಲ್ಸ್‌ಮನ್‌ನನ್ನು ಬಿಡಿಸುವುದಿಲ್ಲ. ಶ್ರಾವಣ ಬರುತ್ತದೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಗಿರಾಕಿ ತುಂಬುತ್ತಾರೆ ಎಂದು ಅವನಿಗೆ ಗೊತ್ತು. ಶ್ರಾವಣದಲ್ಲೂ ಸೀರೆ ಹೋಗದಿದ್ದರೆ ಅವನು ಮೊದಲು ನೋಡುವುದು ಸ್ಟಾಕನ್ನು.

ಫುಟ್‌ಬಾಲಿನ ಆಷಾಢವನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ತಮ್ಮ ದೇಶದ ಲೀಗ್‌ನ 1986ರಿಂದ 2004ರವರೆಗಿನ ದಾಖಲೆ ಹಿಡಿದು ಕೂತರು. ಕೋಚ್ ಬದಲಿಸಿದ ತಂಡಗಳು ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಕೆಟ್ಟ ಸರಣಿ ಅನುಭವಿಸಿಯೂ ಕೋಚ್ ಬದಲಿಸದ ತಂಡಗಳೂ ಹೆಚ್ಚುಕಡಿಮೆ ಹಾಗೆಯೇ ಚೇತರಿಸಿಕೊಂಡಿದ್ದವು. ತಂಡಗಳು ಕೋಚನ್ನು ಕೀಳುವುದು ತಳ ಮುಟ್ಟಿದಾಗ. ಅಲ್ಲಿಂದ ಮುಂದೆ ಹೇಗೂ ಮೇಲೇ ಏಳಬೇಕು. ಹೊಸ ಕೋಚ್‌ಗೆ ಸಿಗುವ ಹೊಗಳಿಕೆಯಲ್ಲಿ ಒಂದು ಪಾಲು ಇದರದ್ದು.

ಇದಕ್ಕೆ ಅಪವಾದವಿಲ್ಲ ಎಂದಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿಯನ್ನು 2016ರಲ್ಲಿ ಯಾರೂ ಊಹಿಸದಂತೆ ಚಾಂಪಿಯನ್ ಮಾಡಿದ ಕ್ಲಾಡಿಯೊ ರನಿಯೇರಿ ಅವರನ್ನು ಒಂಬತ್ತೇ ತಿಂಗಳಲ್ಲಿ ಕ್ಲಬ್ ಕಳಿಸಿತು. ಜಗತ್ತೇ ಛೀಮಾರಿ ಹಾಕಿತು. ಆದರೆ ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಕೈಯಲ್ಲಿ ತಂಡ ಲೀಗ್‌ನ ಮುಂದಿನ ಐದೂ ಪಂದ್ಯ ಗೆದ್ದು 12ನೇ ಸ್ಥಾನಕ್ಕೇರಿತು. ಅಲ್ಲಿ ಕೆಳಗಿನ ಡಿವಿಷನ್‌ಗೆ ಜಾರುವ ಭಯವಿತ್ತು. ಜಾರಿದರೆ ಕ್ಲಬ್ಬಿಗೆ ಕೋಟಿಗಟ್ಟಲೆ ನಷ್ಟ. ಬೆಂಗಳೂರು ಕೋಚ್‌ಗಳನ್ನು ಕಿತ್ತ ಆ ವರ್ಷಗಳವರೆಗೆ ಐಎಸ್‌ಎಲ್‌ನಲ್ಲಿ ಅಂಥ ಶಿಕ್ಷೆಯನ್ನು ಯಾವ ತಂಡವೂ ಕಂಡಿರಲಿಲ್ಲ. 20, 22 ಪಂದ್ಯಗಳ ಪುಟ್ಟ ಲೀಗ್‌ನಲ್ಲಿ ಜಾರುವ ಭಯವೂ ಇಲ್ಲದಿದ್ದಾಗ ಅವಸರಕ್ಕೆ ಕಾರಣವೇನಿತ್ತು?

ಜರ್ಮನಿಯ ಡಾರ್ಟ್‌ಮಂಡ್ ಬೇರೊಂದು ದಾರಿ ತೋರಿಸಿತ್ತು. ಎರಡು ಬಾರಿ ಲೀಗ್ ಗೆದ್ದುಕೊಟ್ಟಿದ್ದ ಯುರ್ಗನ್ ಕ್ಲಾಪ್ ಅವರ ತಂಡ 2015ರ ಫೆಬ್ರುವರಿ ಆರಂಭದಲ್ಲಿ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಕ್ಲಬ್ ಕದಲಲಿಲ್ಲ. ತಂಡ ಏಳನೇ ಸ್ಥಾನಕ್ಕೇರಿ ಸೀಸನ್ ಮುಗಿಸಿತು, ಕ್ಲಾಪ್ ತಾವೇ ಹೇಳಿ ಗೌರವದಿಂದ ಹೊರಟರು. ಬೇರೆಯಾಗುವುದೇ ಸರಿ ಎಂದಾದರೂ ಅದಕ್ಕೆ ಸೀಸನ್ನಿನ ಕೊನೆ ಎಂಬ ಹೊತ್ತಿದೆ.

ಬೆಂಗಳೂರು ಬಿಟ್ಟ ಕ್ವಾದ್ರತ್ 2023ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದು, ಆ ಕ್ಲಬ್ಬಿನ 12 ವರ್ಷಗಳ ರಾಷ್ಟ್ರೀಯ ಪ್ರಶಸ್ತಿಯ ಬರ ನೀಗಿಸಿದರು. ಅದೇ ಸೆಪ್ಟೆಂಬರಿನಲ್ಲಿ ಐಎಸ್‌ಎಲ್‌ನ ಮೊದಲ ಮೂರು ಪಂದ್ಯಗಳನ್ನು ಸೋತು ರಾಜೀನಾಮೆ ಕೊಟ್ಟರು. ಆ ಮೂರರಲ್ಲಿ ಮೊದಲನೆಯದು ಕಂಠೀರವದಲ್ಲಿ, ಬೆಂಗಳೂರು ಎದುರಿಗೇ. ಹಿಂದಿನ ವರ್ಷ ಒಂಬತ್ತನೆಯದಾಗಿದ್ದ ಈಸ್ಟ್ ಬೆಂಗಾಲ್, ಹೊಸ ಕೋಚ್ ಬಂದ ಮೇಲೂ ಒಂಬತ್ತನೇ ಸ್ಥಾನದಲ್ಲೇ ಉಳಿಯಿತು.

ಇತ್ತ ಹತ್ತನೇ ಸ್ಥಾನದ ಕಳಂಕ ಹೊತ್ತಿದ್ದ ಜರಗೋಜಾ ಅವರನ್ನು ಬೆಂಗಳೂರು 2024ರ ಬೇಸಿಗೆಯಲ್ಲಿ ಕಳಿಸಲಿಲ್ಲ. ತಂಡವನ್ನು ಮತ್ತೆ ಕಟ್ಟಲು ಸಮಯ ಕೊಟ್ಟಿತು. ಮುಂದಿನ ಸೀಸನ್‌ನಲ್ಲಿ ತಂಡ ಮೂರನೇ ಸ್ಥಾನಕ್ಕೆ ಬಂತು, 40 ದಾಟಿದ ಚೆಟ್ರಿ 14 ಗೋಲು ಹೊಡೆದರು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ ಕಂಠೀರವದಲ್ಲಿ ಐದು ಗೋಲು ಬಿದ್ದವು. 2025ರ ಏಪ್ರಿಲ್ 12ರ ಫೈನಲ್ ಕೋಲ್ಕತ್ತದಲ್ಲಿ ಹೆಚ್ಚುವರಿ ಅವಧಿಗೆ ಹೋಗಿ 2–1ರಿಂದ ಕೈತಪ್ಪಿತು.

ಹಳೆಯ ಕಪ್‌ನ ಋಣಕ್ಕಾಗಿ ಯಾರನ್ನೂ ಕಾಯಂ ಇಟ್ಟುಕೊಳ್ಳಬೇಕಿಲ್ಲ. ಆಟಗಾರರು ಕೋಚ್ ಮಾತು ಕೇಳುವುದನ್ನೇ ಬಿಟ್ಟಿದ್ದರೆ, ಹೊಸ ಹುಡುಗರು ಬೆಳೆಯುತ್ತಿಲ್ಲದಿದ್ದರೆ, ತಿಂಗಳುಗಟ್ಟಲೆ ಒಂದೇ ಬಗೆಯ ಗೋಲು ಬಿಟ್ಟುಕೊಡುತ್ತಿದ್ದರೆ ಕಳಿಸುವುದೇ ಸರಿ. ಅದು ಬಿಟ್ಟು ಮೂರು ಪಂದ್ಯದ ಫಲಿತಾಂಶ ಸಾಕಾಗುವುದಿಲ್ಲ. ಬೆಂಗಳೂರಿನ ಆಡಳಿತ ಮಂಡಳಿ ಎರಡು ನಿಯಮಗಳನ್ನು ತನಗೆ ತಾನೇ ಹಾಕಿಕೊಳ್ಳಲಿ: ಪ್ರಶಸ್ತಿ ಗೆದ್ದುಕೊಟ್ಟ ಕೋಚ್‌ನ ಭವಿಷ್ಯವನ್ನು ಸೀಸನ್ ಮುಗಿದ ಮೇಲೆಯೇ ನಿರ್ಧರಿಸುವುದು, ನಡುವೆ ಕಳಿಸಲೇಬೇಕಾದರೆ, ಆ ತಂಡವನ್ನು ಆರಿಸಿದವರು ಯಾರು, ಅವರ ಹೊಣೆ ಏನು ಎಂಬುದನ್ನೂ ಅದೇ ಪತ್ರಿಕಾ ಪ್ರಕಟಣೆಯಲ್ಲಿ ಹೇಳುವುದು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ತೊಂಬತ್ತು ನಿಮಿಷ ಕೂಗುವ ಅಭಿಮಾನಿಗಳು ಕೋಚ್ ತಲೆಯನ್ನು ಕೇಳುವ ಮುಂಚೆ ಈ ಎರಡನೇ ಉತ್ತರವನ್ನು ಕೇಳಲಿ.