ಹೊಡೆತದ ದೋಷಕ್ಕೆ ಬೀಸಿನಲ್ಲಿ ಮದ್ದು

ಚೆಂಡು ದೂರ ಹೋಗಬೇಕಾದರೆ ತೋಳಿನಲ್ಲಿ ಬಲವಿರಬೇಕು. ಹೋಗದಿದ್ದರೆ ಇನ್ನೂ ಬಲವಾಗಿ ಹೊಡೆಯಬೇಕು. ಈ ನಂಬಿಕೆ ನಮ್ಮ ಆಟದ ಬಯಲುಗಳಲ್ಲಿ ಬಹುಕಾಲದಿಂದ ಬೇರೂರಿದೆ. ಚಿಣ್ಣಿ-ದಾಂಡಿನ ಹುಡುಗನಿಗೂ ಗಾಲ್ಫ್ ಕಲಿಯಹೊರಟ ಸಿರಿವಂತನಿಗೂ ದೊರೆಯುವ ಮೊದಲ ಉಪದೇಶ ಇದೇ. ಇದು ಅರೆಸತ್ಯವೆಂದೂ, ಅರೆಸತ್ಯವಾದುದರಿಂದಲೇ ಹಾನಿಕರವೆಂದೂ ನಾವು ಭಾವಿಸುತ್ತೇವೆ.

ಗಾಲ್ಫಿಗೂ ನಮಗೂ ಏನು ಸಂಬಂಧವೆಂದು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಗಿದ್ದರೂ ಈ ಆಟ ನಮ್ಮ ಕಾಡುಸೀಮೆಯ ಮನೆಮಾತಾಗಿಲ್ಲ. ಆದರೆ ಅದೇ ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ನಾಲ್ಕು ದಿನಗಳ ಆಟದ ಕೊನೆಗೆ ಅವರಿಗೂ ಪದಕದ ಪೈಪೋಟಿಗೂ ಉಳಿದ ಅಂತರ ಒಂದೇ ಒಂದು ಹೊಡೆತ. ಅವರು ಚೆಂಡನ್ನು ಅತಿ ದೂರ ಅಟ್ಟುವವರೆಂದು ಹೆಸರಾದವರಲ್ಲ. ನಿಖರತೆಯೇ ಅವರ ಬಲ. ಬಲವೇ ಸರ್ವಸ್ವವೆನ್ನುವವರು ಈ ಒಂದು ಉದಾಹರಣೆಯ ಮುಂದೆ ಸ್ವಲ್ಪ ನಿಂತು ಯೋಚಿಸಬೇಕು.

ದಾಂಡನ್ನು ಹಿಂದಕ್ಕೂ ಮೇಲಕ್ಕೂ ಒಯ್ಯುವುದನ್ನು ಹಿಂಬೀಸು ಎಂದೂ, ಅಲ್ಲಿಂದ ಇಳಿಸಿ ಹೊಡೆಯುವುದನ್ನು ಕೆಳಬೀಸು ಎಂದೂ ಕರೆಯೋಣ. ನುರಿತ ಆಟಗಾರನ ಹಿಂಬೀಸಿಗೆ ಸುಮಾರು ಮುಕ್ಕಾಲು ಸೆಕೆಂಡು ಹಿಡಿದರೆ ಕೆಳಬೀಸು ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ. ಈಗ ಒಂದು ಪ್ರಯೋಗ ಮಾಡಿರಿ. ಗೆಳೆಯನೊಬ್ಬನು ಅಡಿಕೋಲನ್ನು ನೆಟ್ಟಗೆ ಹಿಡಿದು, ಹೇಳದೆ ಕೈಬಿಡಲಿ. ನೀವು ಬೆರಳುಗಳಿಂದ ಹಿಡಿಯಿರಿ. ಅದು ಸುಮಾರು 20 ಸೆಂಟಿಮೀಟರು ಜಾರಿದ ಮೇಲೆ ನಿಮ್ಮ ಕೈಗೆ ಸಿಕ್ಕೀತು. ಬೀಳುವ ವಸ್ತುವಿನ ನಿಯಮದಂತೆ ಲೆಕ್ಕ ಹಾಕಿದರೆ ಇದು 0.2 ಸೆಕೆಂಡು. ಕಣ್ಣು ಕಂಡದ್ದನ್ನು ಕೈ ನಡೆಸಲು ಇಷ್ಟು ಕಾಲ ಬೇಕಾಗುವಾಗ, ಕಾಲು ಸೆಕೆಂಡಿನ ಕೆಳಬೀಸನ್ನು ನಡುದಾರಿಯಲ್ಲಿ ತಿದ್ದುವುದೆಂತು? ಆದುದರಿಂದ ಕೆಳಬೀಸಿನ ದೋಷಗಳಲ್ಲಿ ಹೆಚ್ಚಿನವನ್ನು ಹಿಂಬೀಸಿನಲ್ಲಿಯೇ, ತಪ್ಪಿದರೆ ತಿರುವಿನ ಕ್ಷಣದಲ್ಲಿ, ತಿದ್ದಬೇಕು.

ಇನ್ನು ಹೊಡೆತದ ಕ್ಷಣ. ಸುಮಾರು 46 ಗ್ರಾಂ ತೂಕದ ಚೆಂಡಿಗೂ ದಾಂಡಿನ ತಲೆಗೂ ಇರುವ ಸಂಪರ್ಕ ಸೆಕೆಂಡಿನ ಎರಡು ಸಾವಿರದ ಒಂದು ಪಾಲು ಮಾತ್ರ. ಚೆಂಡು ಸೆಕೆಂಡಿಗೆ 65 ಮೀಟರು ವೇಗದಿಂದ ಹೊರಟಿತೆಂದರೆ ಅದರ ಮೇಲಿನ ಸರಾಸರಿ ಬಲ ಸುಮಾರು 6000 ನ್ಯೂಟನ್, ಅಂದರೆ 600 ಕಿಲೋಗ್ರಾಂ ಭಾರಕ್ಕೆ ಸಮ. ಯಾವ ಮನುಷ್ಯನ ತೋಳೂ ಆ ಗಳಿಗೆಯಲ್ಲಿ ಇಂಥ ಬಲವನ್ನು ತಳ್ಳಿ ಕೊಡಲಾರದು. ಅದನ್ನು ಕೊಡುವುದು ದಾಂಡಿನ ತಲೆ ಮೊದಲೇ ಗಳಿಸಿಟ್ಟ ವೇಗ.

ಆ ವೇಗ ಬರುವುದೆಲ್ಲಿಂದ? ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಅವರು 1968ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೀಸನ್ನು ಜೋಡಿ ಲೋಲಕವೆಂದು ವಿವರಿಸಿದರು. ಭುಜದಿಂದ ತೂಗುವ ತೋಳು ಮೊದಲ ಲೋಲಕ. ಮಣಿಕಟ್ಟಿನಿಂದ ತೂಗುವ ದಾಂಡು ಎರಡನೆಯದು. ಮಣಿಕಟ್ಟಿನ ಮಡಿಕೆ ಉಳಿದಿರುವಷ್ಟು ಕಾಲ ತೋಳು ಸುಲಭವಾಗಿ ವೇಗ ಪಡೆಯುತ್ತದೆ. ಕೊನೆಗೆ ಮಡಿಕೆ ಬಿಚ್ಚಿ ದಾಂಡು ಹೊರಕ್ಕೆ ಚಿಮ್ಮುವಾಗ ತೋಳು ನಿಧಾನಿಸಿ ತನ್ನ ಚಲನಶಕ್ತಿಯನ್ನು ದಾಂಡಿಗೆ ಒಪ್ಪಿಸುತ್ತದೆ.

ಇಷ್ಟನ್ನು ತಿಳಿದರೆ ಸಾಮಾನ್ಯ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಹಿಂಬೀಸಿನಲ್ಲಿ ಮೈಯನ್ನು ತಿರುಗಿಸುವ ಬದಲು ಪಕ್ಕಕ್ಕೆ ವಾಲಿಸುವುದು ಮೊದಲನೆಯದು. ಅಕ್ಷ ಸರಿದರೆ ದಾಂಡಿನ ಹಾದಿಯ ತಳಬಿಂದುವೂ ಸರಿಯುತ್ತದೆ. ದಾಂಡು ಚೆಂಡಿಗೆ ಮುಂಚೆ ನೆಲವನ್ನು ಬಡಿಯುತ್ತದೆ. ಭಾರವನ್ನು ಹಿಂಗಾಲಿನ ಒಳಮಗ್ಗುಲಲ್ಲಿ ನಿಲ್ಲಿಸಿ ಭುಜಗಳನ್ನು ತಿರುಗಿಸುವುದೇ ಇದರ ಪರಿಹಾರ. ಕೆಳಬೀಸನ್ನು ಭುಜದಿಂದ ಆರಂಭಿಸುವುದು ಎರಡನೆಯದು. ಆಗ ದಾಂಡು ಹೊರಗಿನಿಂದ ಒಳಕ್ಕೆ ಕೊಯ್ದಂತೆ ಬಂದು, ಬಲಗೈ ಆಟಗಾರನ ಚೆಂಡು ಸಾಮಾನ್ಯವಾಗಿ ಬಲಕ್ಕೆ ಬಾಗುತ್ತದೆ. ಕುಸ್ತಿಗೆ ಹೆಸರಾದ ಹಳಿಯಾಳದ ಪೈಲ್ವಾನರನ್ನು ಕೇಳಿರಿ: ಎದುರಾಳಿಯನ್ನು ಎತ್ತಿ ಒಗೆಯುವುದು ತೋಳಲ್ಲ, ಕಾಲು ಮತ್ತು ಸೊಂಟ. ಇಲ್ಲಿಯೂ ಸೊಂಟ ಮೊದಲು ತಿರುಗಬೇಕು, ತೋಳು ಹಿಂಬಾಲಿಸಬೇಕು.

ಮೂರನೆಯದು ಅವಸರ: ಜೋರಾಗಿ ಹೊಡೆಯುವ ಹುರುಪಿನಲ್ಲಿ ಮಣಿಕಟ್ಟನ್ನು ಮೇಲೆಯೇ ಬಿಚ್ಚಿಬಿಡುವುದು. ಆಗ ದಾಂಡಿನ ಗರಿಷ್ಠ ವೇಗ ಚೆಂಡನ್ನು ಮುಟ್ಟುವ ಮೊದಲೇ ವ್ಯಯವಾಗುತ್ತದೆ. ಹಗುರವಾದ ಬಿದಿರ ಕೋಲೊಂದನ್ನು ತೆಗೆದುಕೊಂಡು, ಸುತ್ತ ಯಾರೂ ಇಲ್ಲದಿರುವಾಗ ಬೀಸಿ ಆಲಿಸಿರಿ. ‘ಸುಂಯ್’ ಎಂಬ ಸದ್ದು ಚೆಂಡಿರಬೇಕಾದ ಜಾಗದಲ್ಲಿ ಕೇಳಬೇಕು. ಹೆಗಲಿನ ಬಳಿಯೇ ಕೇಳಿಸಿದರೆ ನಿಮ್ಮ ಬಲ ವ್ಯರ್ಥವಾಯಿತೆಂದು ತಿಳಿಯಿರಿ.

ನಿಯಮ ತಿಳಿದ ಮಾತ್ರಕ್ಕೆ ಆಟ ಬಂದೀತೇ, ಯೋಚಿಸುತ್ತ ಬೀಸಿದವನು ತಪ್ಪುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಬೀಸುವಾಗ ಯೋಚಿಸಕೂಡದೆಂಬುದು ನಿಜ. ಅದಕ್ಕೆ ಕಾಲವೇ ಇಲ್ಲವೆಂದು ಮೇಲೆಯೇ ಕಂಡೆವು. ಯೋಚನೆಯ ಸ್ಥಳ ಅಭ್ಯಾಸ. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ಸೆರೆಹಿಡಿದರೆ ಒಂದು ಕೆಳಬೀಸು 60 ಚಿತ್ರಗಳಾಗಿ ಕಣ್ಣಮುಂದೆ ನಿಲ್ಲುತ್ತದೆ. ವ್ಯಾಯಾಮ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಅದನ್ನು ಒಟ್ಟಿಗೆ ಕುಳಿತು ನೋಡಬೇಕೆಂಬುದು ನಮ್ಮ ಬಿನ್ನಹ.

ಏಕೆಂದರೆ ಇಲ್ಲಿ ಪಣಕ್ಕಿರುವುದು ಗಾಲ್ಫ್ ಒಂದೇ ಅಲ್ಲ. ‘ನಿನಗೆ ಬಲ ಸಾಲದು’ ಎಂಬ ಒಂದು ಮಾತಿನಿಂದ ಬಡಕಲು ಮೈಯ ಹುಡುಗರನ್ನೂ ಹುಡುಗಿಯರನ್ನೂ ಬಯಲಿನ ಅಂಚಿನಲ್ಲಿ ಕೂರಿಸುತ್ತ ಬಂದಿದ್ದೇವೆ. ಅವರಲ್ಲಿ ಎಷ್ಟೋ ಮಂದಿಗೆ ಕೊರತೆಯಾಗಿದ್ದುದು ಬಲವಲ್ಲ, ಕ್ರಮ. ಬಲವನ್ನು ನಾವು ಕೊಡಲಾರೆವು, ಕ್ರಮವನ್ನು ಕಲಿಸಬಲ್ಲೆವು. ಕಲಿಸದೆ ಬಿಟ್ಟರೆ ತಪ್ಪು ಅವರದಲ್ಲ, ನಮ್ಮದು.