ಸೊಳ್ಳೆಯ ಕಡಿತಕ್ಕಿಂತ ಉಗುರಿನ ಗೀರು ಕೆಟ್ಟದ್ದು

ಮಳೆಗಾಲದಲ್ಲಿ ನಮ್ಮ ಬಳಿಗೆ ಬರುವ ತಾಯಂದಿರಲ್ಲಿ ಅನೇಕರು ಮಕ್ಕಳ ಕೈಕಾಲುಗಳ ಮೇಲಿನ ಕೀವುಗುಳ್ಳೆಗಳನ್ನು ತೋರಿಸಿ, ಸೊಳ್ಳೆ ಕಚ್ಚಿ ನಂಜಾಯಿತೆಂದು ಹೇಳುತ್ತಾರೆ. ಇದು ಸೊಳ್ಳೆಯ ನಂಜಲ್ಲ. ಹೆಣ್ಣು ಸೊಳ್ಳೆಯು ರಕ್ತ ಹೀರುವಾಗ ಅದು ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಆ ಜೊಲ್ಲನ್ನು ಪರಕೀಯವೆಂದು ಗುರುತಿಸಿದ ಶರೀರವು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಸೂಸುತ್ತದೆ. ಬಾವೂ ತುರಿಕೆಯೂ ಇದರ ಫಲ. ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವಂಥದ್ದು. ಕೀವಿಗೆ ದಾರಿ ಮಾಡಿಕೊಡುವುದು ಉಗುರು.

ಇದು ಹೊಸ ಮಾತಲ್ಲ. ಸುಶ್ರುತಾಚಾರ್ಯರು ಕಲ್ಪಸ್ಥಾನದಲ್ಲಿ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಬಗೆಯ ಸೊಳ್ಳೆಗಳನ್ನು ಹೆಸರಿಸಿ, ಅವುಗಳ ಕಡಿತದಿಂದ ತೀವ್ರವಾದ ತುರಿಕೆ ಮತ್ತು ಬಾವು ಉಂಟಾಗುವುದೆಂದೂ, ಉಗುರಿನಿಂದ ಕೆರೆದರೆ ಉರಿದು ಕೀವಾಗುವ ಗುಳ್ಳೆಗಳು ಏಳುವುವೆಂದೂ ತಿಳಿಸಿದ್ದಾರೆ. ಪಾರ್ವತೀಯವನ್ನು ಪ್ರಾಣಹರ ಕೀಟಗಳಿಗೆ ಸಮನೆಂದಿದ್ದಾರೆ. ಅದು ಇಂದಿನ ಯಾವ ಸೊಳ್ಳೆಯೆಂದು ಊಹಿಸುವ ಉತ್ಸಾಹ ನಮಗಿಲ್ಲ.

ಆದ್ದರಿಂದ ಕೆರೆಯುವ ಕೈಯನ್ನು ತಡೆಯುವುದೇ ಚಿಕಿತ್ಸೆಯ ಸಾರ. ಕಚ್ಚಿದ ಜಾಗವನ್ನು ಸಾಬೂನು ನೀರಿನಿಂದ ತೊಳೆದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡಬೇಕು. ಇಷ್ಟರಿಂದಲೇ ಬಹುಪಾಲು ತುರಿಕೆ ಅಡಗುತ್ತದೆ. ಬಳಿಕ ಲೋಳೆಸರದ ತಿಳಿಯಾದ ಲೋಳೆಯನ್ನು ಲೇಪಿಸಬಹುದು. ಎಲೆಯನ್ನು ಕೊಯ್ದಾಗ ಒಸರುವ ಹಳದಿ ರಸವನ್ನು ಮೊದಲು ತೊಳೆದುಬಿಡಬೇಕು, ಅದೇ ತುರಿಕೆ ತರುವುದುಂಟು. ಕಲ್ಲಿನ ಮೇಲೆ ತೇಯ್ದ ಗಂಧವೂ ಹಿತಕರ. ಅಂಗಡಿಯ ಬಣ್ಣದ ಪುಡಿ ಗಂಧವಲ್ಲ. ಸುಣ್ಣ ಹಚ್ಚುವ ರೂಢಿಯನ್ನು ಬಿಡಲೇಬೇಕು, ಅದು ಚರ್ಮವನ್ನು ಸುಡುತ್ತದೆ. ವಿಭೂತಿಯ ಸ್ಥಾನ ಹಣೆ. ಕೆರೆದು ಬಾಯ್ದೆರೆದ ಗಾಯದ ಮೇಲೆ ಯಾವ ಭಸ್ಮವೂ ಸಲ್ಲದೆಂಬುದು ನಮ್ಮ ಖಚಿತ ಅಭಿಪ್ರಾಯ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಔಷಧದಂಗಡಿಯಲ್ಲಿ ಬಾಯಿಮಾತಿನಲ್ಲೇ ಕೇಳಿ ತರುವ ತುರಿಕೆಯ ಮುಲಾಮು. ಇಂಥ ಹಲವು ಮುಲಾಮುಗಳಲ್ಲಿ ಪ್ರಬಲವಾದ ಸ್ಟಿರಾಯ್ಡ್ ಇರುತ್ತದೆ. ಒಂದೇ ದಿನದಲ್ಲಿ ತುರಿಕೆ ನಿಲ್ಲುವುದರಿಂದ ಮನೆಮಂದಿಗೆಲ್ಲ ಅದೇ ಮದ್ದಾಗಿ, ತಿಂಗಳುಗಟ್ಟಲೆ ಬಳಕೆಯಾಗುತ್ತದೆ. ಚರ್ಮ ತೆಳ್ಳಗಾಗುತ್ತದೆ, ಹುಳುಕಡ್ಡಿ ಇದ್ದವರಲ್ಲಿ ಅದು ಗುರುತು ಸಿಗದಂತೆ ಹಬ್ಬುತ್ತದೆ. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದೆ. ಅಂಗಡಿಗಳಲ್ಲಿ ಅದರ ಪಾಲನೆ ಎಷ್ಟೆಂಬುದನ್ನು ಓದುಗರೇ ಬಲ್ಲರು. ಆಯುರ್ವೇದದವರೆಂಬ ಕಾರಣಕ್ಕೆ ನಾವು ಅಲೋಪಥಿಯನ್ನು ಹಳಿಯುತ್ತಿಲ್ಲ. ನಿದ್ದೆಗೆಡಿಸುವ ತುರಿಕೆಗೆ ವೈದ್ಯರು ಕೊಡುವ ಅಲರ್ಜಿಯ ಮಾತ್ರೆ ಒಳ್ಳೆಯದೇ. ಅಂತೆಯೇ ಗಿಡಮೂಲಿಕೆಯದೆಂಬ ಹೆಸರಿದ್ದರೂ ಕರ್ಪೂರ ಸೇರಿದ ಬಾಮುಗಳನ್ನು ಹಸುಗೂಸುಗಳಿಗೆ ಹಚ್ಚಲಾಗದು.

ಮಠಗಳ ಪ್ರಸಾದ ನಿಲಯಗಳ ವ್ಯವಸ್ಥಾಪಕರಲ್ಲಿ ನಮ್ಮದೊಂದು ಬಿನ್ನಹ. ಒಬ್ಬ ಬಾಲಕನ ಕೀವುಗುಳ್ಳೆ ಒಂದೇ ಟವೆಲಿನ ಮೂಲಕ ಇಡೀ ಕೋಣೆಗೆ ಹರಡಬಲ್ಲದು. ವಾರಕ್ಕೊಮ್ಮೆ ಉಗುರು ಕತ್ತರಿಸುವುದು, ಪ್ರತಿಯೊಬ್ಬರಿಗೂ ಬೇರೆ ಟವೆಲು, ಕಿಟಕಿಗಳಿಗೆ ಜಾಲರಿ. ಇವು ದುಬಾರಿ ಬಾಬತ್ತುಗಳಲ್ಲ.

ಬಾವು ದಿನದಿನಕ್ಕೆ ಹಿಗ್ಗಿ ಬಿಸಿಯಾದರೆ, ಕೆಂಪು ಗೆರೆ ಹರಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತುಟಿ ಊದಿ ಉಸಿರು ಕಟ್ಟಿದರೆ ನೇರವಾಗಿ ಆಸ್ಪತ್ರೆಗೆ. ಕಡಿತದ ನಂತರದ ದಿನಗಳಲ್ಲಿ ಜ್ವರ, ಕಣ್ಣಿನ ಹಿಂಭಾಗದ ನೋವು, ಕೀಲುನೋವು ಕಂಡರೆ ಡೆಂಗಿ ಅಥವಾ ಚಿಕುನ್‌ಗುನ್ಯಾ ಇರಬಹುದು. ಆಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಪಪ್ಪಾಯಿ ಎಲೆಯ ರಸವನ್ನು ನಂಬಿ ರಕ್ತಪರೀಕ್ಷೆಯನ್ನು ಮುಂದೂಡಲೂ ಬಾರದು.