ತಿಳಿಸಿಯೇ ಹಾರುತ್ತೇವೆ, ನಮಗೂ ತಿಳಿಸಿ
ಸಣ್ಣ ವಿಮಾನಗಳ ಖಾಸಗಿ ಪೈಲಟ್‌ಗಳ ಹಕ್ಕೊತ್ತಾಯ ಪತ್ರ

ವಿಮಾನಯಾನದ ನಿಯಮ ಮಾಡುವವರಿಗೆ, ವಾಯುಸಂಚಾರ ನೋಡಿಕೊಳ್ಳುವವರಿಗೆ, ಹವಾಮಾನ ಹೇಳುವವರಿಗೆ, ವಾಯುರಕ್ಷಣೆಯ ಹೊಣೆ ಹೊತ್ತವರಿಗೆ –

ನಾವು ಎರಡು, ನಾಲ್ಕು ಸೀಟಿನ ಸೆಸ್ನಾ ಹಾರಿಸುವವರು. ಕೆಲವರ ಕೈಯಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಇದೆ. ಕೆಲವರು ಅದಕ್ಕೆ ಬೇಕಾದ 40 ಗಂಟೆಗಳನ್ನು ಇನ್ನೂ ಕೂಡಿಸುತ್ತಿದ್ದಾರೆ. ನಿಯಮ ಸಡಿಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಸಂತೆಗೆ ಹೊರಟವರೂ ಮನೆಯಲ್ಲಿ ಹೇಳಿ ಹೋಗುತ್ತಾರೆ. ಆಕಾಶಕ್ಕೆ ಹೊರಟವರು ಹೇಳದೆ ಹೋಗಬಾರದು.

ಹೊರಡುವ ಮುನ್ನ ನಾವು ರೆಕ್ಕೆಯ ಕೆಳಗೆ ಬಗ್ಗಿ, ಟ್ಯಾಂಕಿನಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಕೊಳವೆಗೆ ಇಳಿಸಿ ಬೆಳಕಿಗೆ ಹಿಡಿಯುತ್ತೇವೆ. ನೀಲಿ ಪೆಟ್ರೋಲಿನ ತಳದಲ್ಲಿ ಒಂದು ಹನಿ ನೀರು ಕಂಡರೂ ಚೆಲ್ಲಿ ಮತ್ತೆ ಇಳಿಸಬೇಕು, ನೀರು ಕಾಣದಾಗುವ ತನಕ. ಇದು ಅವಸರದಲ್ಲಿ ಮಾಡುವ ಕೆಲಸವಲ್ಲ. ಹಾರಾಟದ ಅನುಮತಿಗಾಗಿ ಕಾದು ಕಾದು ಬೆಳಗು ಕಳೆದರೆ ಮೊದಲು ಮೊಟಕಾಗುವುದು ಇದೇ. ನಮ್ಮ ಬೇಡಿಕೆಗಳೆಲ್ಲ ಹುಟ್ಟಿದ್ದು ಇಲ್ಲಿಂದ.

1. ಒಂದು ಕಡೆ ಕೊಟ್ಟ ವಿವರವನ್ನು ಮತ್ತೊಂದು ಕಡೆ ಕೇಳಬೇಡಿ. ಊರಿಂದ ಊರಿಗೆ ಹಾರಲು ಹೊರಡುವ 60 ನಿಮಿಷ ಮೊದಲೇ ಫ್ಲೈಟ್ ಪ್ಲಾನ್ ಕೊಡಬೇಕು. ಜೊತೆಗೆ ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ನಂಬರ್ ಬೇಕು, ವಾಯುರಕ್ಷಣೆಯವರ ಅನುಮತಿಯ ಎಡಿಸಿ ನಂಬರ್ ಬೇಕು. ಬೇಕೇ ಬೇಕು ಎಂದು ನಾವೂ ಹೇಳುತ್ತೇವೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ಯಲಹಂಕದ ವಾಯುನೆಲೆ ನೆರೆಮನೆ. ದಕ್ಷಿಣಕ್ಕೆ ಎಚ್‌ಎಎಲ್, ಉತ್ತರಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣಗಳು. ಇಂಥ ಆಕಾಶದಲ್ಲಿ ಗುರುತಿಲ್ಲದ ವಿಮಾನ ಎಷ್ಟು ಅಪಾಯವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಕೇಳುವುದಿಷ್ಟೇ: ಪ್ಲಾನ್ ಹಾಕಿದ ಜಾಗಕ್ಕೇ ಎರಡೂ ನಂಬರ್ ಬರಲಿ, ಯಾವ ಏರ್‌ಸ್ಟ್ರಿಪ್‌ನಿಂದ ಹೊರಟರೂ ಬರಲಿ. ಕೊಡಲಾಗದಿದ್ದರೆ ಕಾರಣ ಬರಲಿ. ಮೌನ ಮಾತ್ರ ಬೇಡ.

2. ನೋಟಾಮ್ ಕಣ್ಣಿಗೆ ಕಾಣುವಂತಿರಲಿ. ಆಕಾಶ ಎಲ್ಲಿ, ಯಾವಾಗ ಮುಚ್ಚಿದೆ ಎಂಬಂಥದ್ದನ್ನು ಪೈಲಟ್‌ಗಳಿಗೆ ತಿಳಿಸುವ ಈ ಸೂಚನೆ ಈಗ ಇಂಗ್ಲಿಷ್ ಸಂಕ್ಷೇಪಗಳ ಸಾಲು. ಜಾಗ ಅಕ್ಷಾಂಶ ರೇಖಾಂಶಗಳಲ್ಲಿ, ವೇಳೆ ಯುಟಿಸಿಯಲ್ಲಿ. 0330 ಎಂದಿದ್ದರೆ ನಮ್ಮ ಬೆಳಗಿನ 9 ಗಂಟೆ. ಐದೂವರೆ ಗಂಟೆ ಕೂಡಿಸುವುದನ್ನು ಮರೆತ ವಿದ್ಯಾರ್ಥಿ ಮುಚ್ಚಿದ ಆಕಾಶಕ್ಕೇ ನುಗ್ಗಿಬಿಡಬಹುದು. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಈ ವೇಳೆಗಳು ಇನ್ನಷ್ಟು ಬಿಗಿ. ಪ್ರತಿ ನೋಟಾಮ್ ಜೊತೆ ನಕ್ಷೆಯಲ್ಲಿ ಬಣ್ಣ ತುಂಬಿದ ಗುರುತು, ಪಕ್ಕದಲ್ಲಿ ಭಾರತೀಯ ವೇಳೆ ಕೊಡಿ. ವ್ಯವಸ್ಥೆ ಕೆಟ್ಟರೆ ಕೇಳಿ ತಿಳಿಯಲು ಒಂದು ಫೋನ್ ನಂಬರೂ ಇರಲಿ. 2023ರ ಜನವರಿ 11ರಂದು ಅಮೆರಿಕದಲ್ಲಿ ನೋಟಾಮ್ ವ್ಯವಸ್ಥೆ ಕೈಕೊಟ್ಟು, ಇಡೀ ದೇಶದಲ್ಲಿ ವಿಮಾನಗಳು ಹೊರಡುವುದನ್ನೇ ಕೆಲಹೊತ್ತು ನಿಲ್ಲಿಸಬೇಕಾಯಿತು.

3. ಘಟ್ಟದ ಮೇಲೆ ಕಣ್ಣಿಡಿ. ಮೆಟಾರ್ ಎಂಬ ಹವಾಮಾನ ವರದಿ ವಿಮಾನ ನಿಲ್ದಾಣದ ಹವೆ ಹೇಳುತ್ತದೆ, ದಾರಿಯದ್ದನ್ನಲ್ಲ. ಬೆಂಗಳೂರಿನಲ್ಲಿ ಬಿಸಿಲು, ಮಂಗಳೂರಿನ ಬಜಪೆಯಲ್ಲಿಯೂ ಬಿಸಿಲು, ನಡುವೆ ಸಹ್ಯಾದ್ರಿ. ಸಕಲೇಶಪುರ ದಾಟುತ್ತಿದ್ದಂತೆ ಶಿರಾಡಿಯ ಕೊರಕಲಿನಿಂದ ಮೋಡ ಏಳುವುದನ್ನು ನೋಡಿದವರು ಮರೆಯಲಾರರು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಏಳುತ್ತದಲ್ಲ, ಹಾಗೆ. ಕಣ್ಣಳತೆಯಲ್ಲಿ ಹಾರುವ ನಮಗೆ ನಿಯಮದಂತೆ 5 ಕಿಲೋಮೀಟರ್ ದೂರ ಕಾಣಬೇಕು. ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ದೂರವಿರಬೇಕು. ಹಬೆಯೊಳಗೆ ಸಿಕ್ಕಮೇಲೆ ಈ ಅಳತೆಗಳಿಂದ ಏನು ಪ್ರಯೋಜನ? ಅಲಾಸ್ಕಾದ ಬೆಟ್ಟದ ದಾರಿಗಳಲ್ಲಿ ಅಮೆರಿಕದವರು ಹವಾಮಾನ ಕ್ಯಾಮೆರಾ ಇಟ್ಟಿದ್ದಾರೆ. ಪೈಲಟ್ ಹೊರಡುವ ಮುನ್ನ ಕಣಿವೆಯ ಚಿತ್ರ ನೋಡುತ್ತಾನೆ. ಶಿರಾಡಿ, ಚಾರ್ಮಾಡಿ, ಆಗುಂಬೆಗಳಲ್ಲಿ ಅಂಥ ಒಂದೊಂದು ಕ್ಯಾಮೆರಾ ಇಡಿ. ಬಸ್ಸು ಲಾರಿಯವರಿಗೂ ಅದು ಉಪಯೋಗಕ್ಕೆ ಬರುತ್ತದೆ.

4. ಬಿಸಿಲಿನ ಲೆಕ್ಕ ಬೋರ್ಡಿನ ಮೇಲೆ ಬರೆಯಿರಿ. ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿಗೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದೇ ರನ್‌ವೇ 6,000 ಅಡಿ ಎತ್ತರದಲ್ಲಿ ಇದ್ದಂತೆ. ಎಂಜಿನ್ ಸೊರಗುತ್ತದೆ, ನೆಲ ಬಿಡಲು ಹೆಚ್ಚು ದೂರ ಓಡಬೇಕು. ತರಬೇತಿ ನಡೆಯುವ ಪ್ರತಿ ನಿಲ್ದಾಣದಲ್ಲೂ ಆ ಹೊತ್ತಿನ ಈ ಲೆಕ್ಕ, ಅಂದರೆ ಡೆನ್ಸಿಟಿ ಆಲ್ಟಿಟ್ಯೂಡ್, ಎಲ್ಲರ ಕಣ್ಣಿಗೆ ಬೀಳುವಂತಿರಲಿ.

5. ತಲುಪಿದೆವೆಂದು ಹೇಳಲು ಸುಲಭದ ದಾರಿ ಮಾಡಿ. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಒಮ್ಮೆ ನಮ್ಮಲ್ಲೊಬ್ಬ ಟವರ್ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಒಬ್ಬನೇ ಇಳಿದ. ಹುರುಪಿನಲ್ಲಿ ವಿಮಾನ ಕಟ್ಟಿ ಚಹಾ ಕುಡಿಯಲು ಹೋದ, ಫೋನ್ ಮಾಡುವುದನ್ನು ಮರೆತ. ಇತ್ತ ಹ್ಯಾಂಗರಿನ ಬಾಗಿಲಲ್ಲಿ ಅವನ ಗುರುಗಳು ಗಡಿಯಾರ ನೋಡುತ್ತ ನಿಂತಿದ್ದರು. ಬರಬೇಕಾದ ಸುದ್ದಿ ಬಾರದೆ ಅರ್ಧ ಗಂಟೆ ಕಳೆದರೆ ವಿಮಾನ ಅನಿಶ್ಚಿತ ಸ್ಥಿತಿಯಲ್ಲಿದೆ ಎಂದು ಲೆಕ್ಕ. ಅಲ್ಲಿಂದ ಹುಡುಕಾಟದ ಮೆಟ್ಟಿಲುಗಳು ಶುರು. ಕೊನೆಗೆ ಅವನೇ ಫೋನ್ ಮಾಡಿದಾಗ ಗುರುಗಳು ಬೈಯಲಿಲ್ಲ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಮರೆತದ್ದು ಅವನ ತಪ್ಪು, ಒಪ್ಪುತ್ತೇವೆ. ಆದರೆ ಮರೆವಿಗೂ ಒಂದು ಕಾವಲು ಬೇಕು. ಇಳಿಯುವ ವೇಳೆಯಾಗುತ್ತಲೇ ಪೈಲಟ್‌ನ ಮೊಬೈಲಿಗೆ "ಇಳಿದಿರಾ?" ಎಂಬ ಸಂದೇಶ ಹೋಗಲಿ, ಉತ್ತರ ಕೊಟ್ಟರೆ ಪ್ಲಾನ್ ಮುಗಿಯಲಿ. ಹುಡುಕಬೇಕಾಗಿ ಬಂದರೆ ನೆರವಾಗಲೆಂದೇ ಫ್ಲೈಟ್ ಪ್ಲಾನಿನಲ್ಲಿ ಎಷ್ಟು ಜನ ಇದ್ದಾರೆ, ಇಂಧನ ಎಷ್ಟು ಹೊತ್ತಿಗೆ ಸಾಲುತ್ತದೆ, ವಿಮಾನದ ಬಣ್ಣ ಯಾವುದು ಎಂದೂ ಬರೆದಿರುತ್ತೇವೆ. ಕಾಡಿನ ಹಸಿರಿನಲ್ಲಿ ಮೇಲಿನಿಂದ ಹುಡುಕುವವರಿಗೆ ಆ ಬಣ್ಣವೇ ಗುರುತು. ವಿಮಾನದ ಅಪಾಯ ಸೂಚಕ 406 ಮೆಗಾಹರ್ಟ್ಸ್‌ನಲ್ಲಿ ಕೂಗಿದರೆ ಉಪಗ್ರಹದ ಮೂಲಕ ಆ ಕೂಗು ಬೆಂಗಳೂರಿನಲ್ಲೇ ಇರುವ ಇಸ್ರೋ ಕೇಂದ್ರಕ್ಕೆ ಮುಟ್ಟುತ್ತದೆ. ನಮ್ಮ ಪ್ಲಾನಿನ ವಿವರ ಹುಡುಕುವವರ ಕೈಗೆ ಅಷ್ಟೇ ಬೇಗ ಸಿಗುವಂತಿರಲಿ.

6. ಡ್ರೋನ್ ಎಲ್ಲಿ ಹಾರುತ್ತದೆಂದು ನಮಗೂ ಸುದ್ದಿ ಕೊಡಿ. 2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಕಿಲ್ಲ. ಎಂಜಿನ್ ಕೈಕೊಟ್ಟ ವಿಮಾನ ಇಳಿಯುವುದು ಅದೇ ಎತ್ತರವನ್ನು ಹಾದು.

7. ಏರ್‌ಸ್ಟ್ರಿಪ್ ಸುತ್ತಲಿನ ಗ್ರಾಮ ಪಂಚಾಯಿತಿ, ಪೊಲೀಸ್ ಠಾಣೆಗಳಲ್ಲಿ ಕನ್ನಡದ ಒಂದು ಹಾಳೆ ಅಂಟಿಸಿ. ರಾಗಿ ಹೊಲದಲ್ಲಿ ವಿಮಾನ ಇಳಿದರೆ ಹತ್ತಿರ ಬೀಡಿ ಹಚ್ಚಬೇಡಿ, ಮುಂದಿನ ಫ್ಯಾನ್ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ, ರೆಕ್ಕೆ ಅಥವಾ ಹಿಂಬದಿಯ ಮೇಲೆ ಬರೆದ ವಿಟಿ ಎಂದು ಶುರುವಾಗುವ ಅಕ್ಷರಗಳನ್ನು ಓದಿ ಹೇಳಿ. ಇಂಗ್ಲಿಷ್ ಬಾರದವರಿಗಾಗಿ ಆ ಅಕ್ಷರಗಳ ಚಿತ್ರವೂ ಇರಲಿ.

ಮಳೆಗಾಲ ಮುಗಿದು ದೂರದ ಹಾರಾಟಗಳು ಮತ್ತೆ ಶುರುವಾಗುವ ಮುನ್ನ ಪ್ರತಿ ಬೇಡಿಕೆಗೂ ಬೇರೆ ಬೇರೆಯಾಗಿ, ಬರಹದಲ್ಲಿ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಕರ್ನಾಟಕದ ಖಾಸಗಿ ಪೈಲಟ್‌ಗಳು ಮತ್ತು ತರಬೇತಿಯಲ್ಲಿರುವ ವಿದ್ಯಾರ್ಥಿಗಳು